ಆರು ವರ್ಷದ ಬಿಡುವು: ಲಕ್ಷದ್ವೀಪದ ಹವಳ ದಿಬ್ಬಗಳ ಒಂದು ಪ್ರಕರಣ ಅಧ್ಯಯನ

ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಹೊರಡುವ ಸರಕು ಮಂಜಿಗಳಲ್ಲಿ ಅಕ್ಕಿ, ತರಕಾರಿ, ಸಿಮೆಂಟಿನ ಜೊತೆಗೆ ಜಲ್ಲಿ, ಮರಳೂ ಹೋಗುತ್ತದೆ. ನಾಲ್ಕೂ ದಿಕ್ಕಿಗೆ ಕಡಲು, ಕಾಲಿಟ್ಟಲ್ಲೆಲ್ಲ ಬಿಳಿ ಮರಳು ಇರುವ ಊರಿಗೆ ಮರಳು ಯಾಕೆ ಬೇಕು? ಅಲ್ಲಿ ನದಿಯಿಲ್ಲ, ಒಡೆಯಲು ಕಲ್ಲುಗುಡ್ಡವಿಲ್ಲ. ಇರುವ ಮರಳೆಲ್ಲ ಹವಳದ ಪುಡಿ, ಇರುವ ಕಲ್ಲೆಲ್ಲ ಹವಳದ ಕಲ್ಲು. ಅದನ್ನು ಬಗೆದರೆ ದ್ವೀಪವನ್ನೇ ಬಗೆದಂತೆ.

ಈ ನಂಟು ಹಳೆಯದು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರ ರಾಜ್ಯ ಮರುವಿಂಗಡಣೆಯವರೆಗೆ ಆಗಿನ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಈ ಬರಹದ ಮುಖ್ಯ ಸಂಶೋಧನೆಯನ್ನು ನಡೆಸಿಕೊಂಡು ಬಂದಿರುವ ಸಂಸ್ಥೆಯೂ ಕರ್ನಾಟಕದ್ದೇ. ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನ ರೋಹನ್ ಆರ್ಥರ್ ಮತ್ತು ಅವರ ಜೊತೆಗಾರರು 1998ರಿಂದ ಅಗತ್ತಿ, ಕಡಮತ್, ಕವರತ್ತಿಗಳ ಹವಳ ದಿಬ್ಬಗಳಿಗೆ ಮತ್ತೆ ಮತ್ತೆ ಇಳಿದು ಅಳತೆ ತೆಗೆದಿದ್ದಾರೆ. ಭಾರತದಲ್ಲಿ ಕಡಲಿನ ಒಂದೇ ಜಾಗವನ್ನು ಇಷ್ಟು ದೀರ್ಘ ಕಾಲ ಹೀಗೆ ನೋಡಿದ ಉದಾಹರಣೆಗಳು ವಿರಳ. ಅಷ್ಟು ಕಾಲ ನೋಡಿದ್ದರಿಂದಲೇ ಒಂದು ಸಂಗತಿ ಗೊತ್ತಾಯಿತು. ಒಂದು ಬೇಸಗೆಯಲ್ಲಿ ಎಷ್ಟು ಹವಳ ಸತ್ತಿತು ಎಂಬ ಲೆಕ್ಕ ಅರ್ಧ ಕಥೆ ಮಾತ್ರ ಹೇಳುತ್ತದೆ. ಮುಂದಿನ ಬಿಸಿ ಬರುವ ಮುಂಚೆ ದಿಬ್ಬಕ್ಕೆ ಎಷ್ಟು ವರ್ಷ ಬಿಡುವು ಸಿಕ್ಕಿತು ಎಂಬುದರಲ್ಲಿ ಉಳಿದರ್ಧ ಇದೆ.

ನೆಲವನ್ನು ಕಟ್ಟುವ ಜೀವಿ

ಲಕ್ಷದ್ವೀಪದಲ್ಲಿ 36 ದ್ವೀಪಗಳೆಂದು ಲೆಕ್ಕ, ಜನವಸತಿ ಇರುವುದು ಹತ್ತರಲ್ಲಿ. ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರ್. 2011ರ ಜನಗಣತಿಯ ಪ್ರಕಾರ ಅದರ ಮೇಲೆ 64 ಸಾವಿರ ಜನ. ಕಡಲ ಮಟ್ಟದಿಂದ ಒಂದೆರಡು ಮೀಟರ್ ಮಾತ್ರ ಎತ್ತರವಿರುವ ಈ ನೆಲವನ್ನು ಕಟ್ಟಿದ್ದು ಗಟ್ಟಿ ಹವಳ.

ಗಟ್ಟಿ ಹವಳವೆಂದರೆ ಸಾವಿರಾರು ಪುಟ್ಟ ಜೀವಿಗಳ ಒಕ್ಕಲು. ಒಂದೊಂದು ಜೀವಿಗೂ ಪಾಲಿಪ್ ಎಂದು ಹೆಸರು. ಮೆತ್ತನೆಯ ಕೊಳವೆಯಂಥ ಮೈ, ಬಾಯಿಯ ಸುತ್ತ ಎಳೆಗಳು, ಬುಡದಲ್ಲಿ ತಾನೇ ಕಟ್ಟಿಕೊಂಡ ಸುಣ್ಣದ ಬಟ್ಟಲು. ಪಾಲಿಪ್‌ನ ಅಂಗಾಂಶದೊಳಗೆ ಬರಿಗಣ್ಣಿಗೆ ಕಾಣದ ಏಕಕೋಶದ ಪಾಚಿ ವಾಸಿಸುತ್ತದೆ. ಬಿಸಿಲು ಹಿಡಿದು ಸಕ್ಕರೆ ಮಾಡುವ ಈ ಪಾಚಿ ತಾನು ಮಾಡಿದ್ದರಲ್ಲಿ ಬಹುಪಾಲನ್ನು ಹವಳಕ್ಕೇ ಬಿಟ್ಟುಕೊಡುತ್ತದೆ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಶೇ 90ರಷ್ಟು ಈ ದಾರಿಯಲ್ಲೇ ಸಿಗಬಹುದು. ಅಷ್ಟು ಶಕ್ತಿ ಇಲ್ಲದಿದ್ದರೆ ನೀರಿನಿಂದ ಸುಣ್ಣ ಹೀರಿ ಕಲ್ಲು ಕಟ್ಟುವ ಕೆಲಸ ಸಾಗದು. ಹವಳದ ಕಂದು, ಹಸಿರು, ಹಳದಿ ಬಣ್ಣಗಳಲ್ಲಿ ಹೆಚ್ಚಿನವು ಪಾಚಿಯವೇ.

ಬೆಳೆಯುವ ವೇಗದಲ್ಲಿ ಎಲ್ಲ ಹವಳವೂ ಒಂದೇ ಅಲ್ಲ. ಕೊಂಬೆಯ ಹಾಗೆ, ಮೇಜಿನ ಹಾಗೆ ಹರಡುವ ಅಕ್ರೊಪೊರಾ ಅನುಕೂಲವಿದ್ದಲ್ಲಿ ವರ್ಷಕ್ಕೆ ಹತ್ತು ಸೆಂಟಿಮೀಟರ್ ಬೆಳೆಯಬಲ್ಲದು. ದುಂಡಗೆ ಬಂಡೆಯಂತಿರುವ ಪೊರೈಟಿಸ್ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಅಷ್ಟೆ. ಮೊದಲನೆಯದು ಬೇಗ ಬೆಳೆದು ಬೇಗ ಸಾಯುವ ಜಾತಿ, ಎರಡನೆಯದು ನಿಧಾನಕ್ಕೆ ಬೆಳೆದು ನೂರಾರು ವರ್ಷ ನಿಲ್ಲುವ ಜಾತಿ. ಮುಂದೆ ಬರುವ ಎಲ್ಲದಕ್ಕೂ ಈ ವ್ಯತ್ಯಾಸ ಬೇಕಾಗುತ್ತದೆ.

ಹವಳ ಕಟ್ಟುವುದು ನಿಂತರೆ ಅಲೆ ಕೆಡವುವುದು ನಿಲ್ಲುವುದಿಲ್ಲ. ಬಂಗಾರಂ ಹವಳ ವಲಯದ ಪರಳಿ-1 ಎಂಬ ಪುಟ್ಟ ದ್ವೀಪ 1968ರಲ್ಲಿ 0.032 ಚದರ ಕಿಲೋಮೀಟರ್ ಇತ್ತು. ಅದು ಪೂರ್ತಿ ಕೊಚ್ಚಿಹೋಗಿದೆ ಎಂದು 2017ರಲ್ಲಿ ಹೊರಬಂದ ಅಧ್ಯಯನ ದಾಖಲಿಸಿತು. ಅಲ್ಲಿ ಯಾರೂ ವಾಸವಿರಲಿಲ್ಲ. ಆದರೂ ಭೂಪಟದಲ್ಲಿದ್ದ ಒಂದು ನೆಲ ಇಲ್ಲವಾಯಿತು ಎಂಬುದನ್ನು ಓದಿ ಸುಮ್ಮನೆ ಮುಂದಿನ ಪುಟಕ್ಕೆ ಹೋಗಲು ನನ್ನಿಂದ ಆಗಲಿಲ್ಲ.

1998ರ ಬೇಸಗೆ

ಕೆಲವು ವರ್ಷಕ್ಕೊಮ್ಮೆ ಪೆಸಿಫಿಕ್ ಸಾಗರದ ನೀರು ಬಿಸಿಯೇರಿ ಜಗತ್ತಿನ ಹವೆಯನ್ನೇ ಏರುಪೇರು ಮಾಡುವುದಕ್ಕೆ ಎಲ್ ನಿನೊ ಎಂದು ಹೆಸರು. 1997–98ರ ಎಲ್ ನಿನೊ ಹಿಂದೂ ಮಹಾಸಾಗರದ ನೀರನ್ನು ವಾಡಿಕೆಗಿಂತ ಬಿಸಿ ಮಾಡಿತು. ಬೇಸಗೆಯ ಗರಿಷ್ಠ ಉಷ್ಣತೆಗಿಂತ ಒಂದು ಡಿಗ್ರಿ ಹೆಚ್ಚಾಗಿ, ಅದು ಕೆಲವು ವಾರ ಹಾಗೇ ನಿಂತರೆ ಸಾಕು, ಹವಳ ಮತ್ತು ಪಾಚಿಯ ಸಂಬಂಧ ಮುರಿಯುತ್ತದೆ. ಬಿಸಿ ನೀರು, ಕಡು ಬಿಸಿಲು ಎರಡೂ ಸೇರಿದಾಗ ಪಾಚಿಯ ದ್ಯುತಿಸಂಶ್ಲೇಷಣೆ ಹಳಿ ತಪ್ಪಿ, ಜೀವಕೋಶಕ್ಕೆ ಹಾನಿ ಮಾಡುವ ಆಮ್ಲಜನಕದ ರೂಪಗಳು ಹುಟ್ಟುತ್ತವೆ. ಪಾಲಿಪ್ ಪಾಚಿಯನ್ನು ಹೊರಹಾಕುತ್ತದೆ. ಬಣ್ಣ ಹೋದ ಪಾರದರ್ಶಕ ಮೈಯ ಮೂಲಕ ಒಳಗಿನ ಸುಣ್ಣ ಕಾಣುತ್ತದೆ. ಇದೇ ಬಿಳಿಚುವಿಕೆ.

ಬಿಳಿಚಿದ ಹವಳ ಇನ್ನೂ ಜೀವಂತ. ಅದಕ್ಕಿರುವುದು ಉಪವಾಸದ ಕೆಲವು ವಾರಗಳು. ಅಷ್ಟರಲ್ಲಿ ನೀರು ತಣಿದರೆ ಪಾಚಿ ಮರಳಿ ಸೇರಬಹುದು, ತಣಿಯದಿದ್ದರೆ ಪಾಲಿಪ್ ಸಾಯುತ್ತದೆ. ಲಕ್ಷದ್ವೀಪದಲ್ಲಿ ಈ ಬಿಸಿ ಉಚ್ಚಕ್ಕೆ ಬರುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಹಾಗಾಗಿ ಅಲ್ಲಿನ ಹವಳದ ಅಳಿವು ಉಳಿವು ಮುಂಗಾರು ಯಾವಾಗ ಹಿಡಿಯುತ್ತದೆ ಎಂಬುದರ ಮೇಲೂ ನಿಂತಿದೆ. ಮೋಡ ಕವಿದರೆ ಬಿಸಿಲಿನ ಹೊಡೆತ ತಗ್ಗುತ್ತದೆ, ಗಾಳಿ ನೀರನ್ನು ಕಲಕಿ ತಣಿಸುತ್ತದೆ. ಆದರೆ ಅದೇ ಮುಂಗಾರಿನ ಅಲೆಗಳು ಸತ್ತು ನಿಂತ ಹವಳದ ಅಸ್ಥಿಪಂಜರವನ್ನು ಮುರಿದು ಹಾಕುವುದೂ ಹೌದು. ಕಾಪಾಡುವುದೂ ಕೆಡವುವುದೂ ಒಂದೇ ಮಳೆಗಾಲ.

ಆ ವರ್ಷ ಭಾರತದ ಮೂರು ಕಡೆ ಸಮೀಕ್ಷೆ ನಡೆಯಿತು. ಕಛ್ ಕೊಲ್ಲಿಯಲ್ಲಿ ಹವಳದ ಶೇ 11ರಷ್ಟು ಮಾತ್ರ ಬಿಳಿಚಿತ್ತು. ಮನ್ನಾರ್ ಕೊಲ್ಲಿಯಲ್ಲಿ ಶೇ 89, ಲಕ್ಷದ್ವೀಪದಲ್ಲಿ ಶೇ 82. ಮೂರು ವರ್ಷದ ಬಳಿಕ, 2001ರಲ್ಲಿ, ದೇಶದ ಎಲ್ಲ ಗಟ್ಟಿ ಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ಕಾಗದದ ಮೇಲೆ ಹುಲಿಗೆ ಇರುವಷ್ಟೇ ರಕ್ಷಣೆ. ಹವಳ ಕೀಳುವ ಕೈಯನ್ನು ಅದು ತಡೆಯಬಲ್ಲದು, ಒಳ್ಳೆಯದೇ. ಬಿಸಿಯೇರುವ ನೀರು ಆ ಕಾಯ್ದೆಯ ಅಳವಿನಲ್ಲಿಲ್ಲ.

ಟೇಪು, ಚೌಕಟ್ಟು, ಕಾಯುವಿಕೆ

ಇಂಥ ಅಳತೆ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮುಳುಗುಗಾರರು ನಿಗದಿತ ಆಳದಲ್ಲಿ ದಿಬ್ಬದ ಮೇಲೆ ಅಳತೆ ಟೇಪು ಎಳೆಯುತ್ತಾರೆ. ಟೇಪಿನ ಉದ್ದಕ್ಕೂ ಚೌಕಟ್ಟು ಇಟ್ಟು, ನೇರ ಮೇಲಿನಿಂದ ಚಿತ್ರ ತೆಗೆಯುತ್ತಾರೆ. ದಡಕ್ಕೆ ಬಂದ ಮೇಲೆ ಒಂದೊಂದು ಚಿತ್ರದಲ್ಲೂ ಜೀವಂತ ಹವಳ ಎಷ್ಟು, ಯಾವ ಕುಲದ್ದು, ಸತ್ತ ಕಲ್ಲೆಷ್ಟು, ಪಾಚಿ ಎಷ್ಟು, ಮರಳೆಷ್ಟು ಎಂದು ಗುರುತಿಸುತ್ತಾರೆ. ಒಂದು ಬಾರಿ ಮಾಡಿದರೆ ಸಿಗುವುದು ಒಂದು ಸಂಖ್ಯೆ. ಅದೇ ಜಾಗಕ್ಕೆ ಮುಂದಿನ ವರ್ಷ, ಅದರ ಮುಂದಿನ ವರ್ಷ, ಹೊಸ ವಿದ್ಯಾರ್ಥಿಗಳ ಕೈಯಲ್ಲಿ, ಮತ್ತೆ ಹೋಗುತ್ತಿದ್ದರೆ ಮಾತ್ರ ಆ ಸಂಖ್ಯೆಗೆ ಅರ್ಥ ಬರುತ್ತದೆ. ಸಂಶೋಧನೆಗೆ ಹಣ ಕೊಡುವವರು ಸಾಮಾನ್ಯವಾಗಿ ಮೂರು ವರ್ಷದ ಯೋಜನೆ ಕೇಳುತ್ತಾರೆ. ಹವಳ ದಿಬ್ಬ ಚೇತರಿಸಿಕೊಳ್ಳಲು ತೆಗೆದುಕೊಳ್ಳುವ ಕಾಲ ಅದಕ್ಕಿಂತ ಎಷ್ಟೋ ಹೆಚ್ಚು. ಈ ಪ್ರಕರಣದಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವುದು ಬಿಡದೆ ಮರಳಿ ಹೋದ ಆ ಹಟ.

ಮೊದಲ ಕೆಲವು ವರ್ಷಗಳಲ್ಲೇ ಒಂದು ಅಚ್ಚರಿ ಕಂಡಿತು. ಒಂದೇ ಬಿಸಿಗೆ ಸಿಕ್ಕ ಒಂದೇ ದ್ವೀಪದ ಎರಡು ಬದಿಗಳು ಬೇರೆ ಬೇರೆಯಾಗಿ ಎದ್ದವು. ಮುಂಗಾರಿನ ಅಲೆಗೆ ಎದೆಯೊಡ್ಡುವ ಪಡುವಣ ಬದಿಯ ದಿಬ್ಬಗಳಲ್ಲಿ ಅಕ್ರೊಪೊರಾ ಬೇಗ ಹಬ್ಬಿತು. ಮೂಡಣ ಬದಿಯಲ್ಲಿ ಚೇತರಿಕೆ ಬಹಳ ನಿಧಾನ. ಹವಳದ ಮರಿ ಈಜುತ್ತ ಬಂದು ಕೂತು ಬೇರೂರಲು ಅಲುಗಾಡದ ಗಟ್ಟಿ ನೆಲ ಬೇಕು. ಒಡೆದ ಚೂರುಗಳ ರಾಶಿಯ ಮೇಲೆ ಕೂತ ಮರಿ ಚೂರಿನ ಜೊತೆಗೇ ಉರುಳಿ ಸಾಯುತ್ತದೆ. ಬಿಸಿ ಇಡೀ ಸಾಗರದ್ದು, ಆದರೆ ಚೇತರಿಕೆ ಆಯಾ ಮಗ್ಗುಲಿನ ನೀರಿನ ಓಟ, ಆಳ, ನೆಲವನ್ನು ಅವಲಂಬಿಸಿದ್ದು. ಪತ್ರಿಕೆಗಳಲ್ಲಿ ‘ಲಕ್ಷದ್ವೀಪದ ಹವಳ ಇಷ್ಟು ನಾಶ’ ಎಂದು ಬರುವ ಒಂದೇ ಅಂಕಿಯಲ್ಲಿ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಯಾವ ಜಾಗವನ್ನು ಮೊದಲು ಕಾಯಬೇಕು ಎಂದು ತಿಳಿಯಲು ಬೇಕಾಗಿರುವುದು ಅದೇ ವ್ಯತ್ಯಾಸ.

ಕಡಿಮೆಯಾದ ಸಾವು, ನಿಧಾನವಾದ ಚೇತರಿಕೆ

ಎರಡನೆಯ ಬಿಸಿ 2010ರಲ್ಲಿ ಬಂತು, ಮೂರನೆಯದು 2016ರಲ್ಲಿ. ಶ್ರೇಯಾ ಯಾದವ್, ತೆರೇಸಾ ಅಲ್ಕೊವೆರೊ ಮತ್ತು ಆರ್ಥರ್ ಮೂರೂ ಸಲದ ಅಳತೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಪ್ರತಿ ಸಲವೂ ಸತ್ತ ಹವಳದ ಪಾಲು ಹಿಂದಿನ ಸಲಕ್ಕಿಂತ ಕಡಿಮೆ ಇತ್ತು. ಮೊದಲು ಕೇಳಿದಾಗ ಇದು ಸಂತೋಷದ ಸುದ್ದಿ. ಹವಳ ಬಿಸಿಗೆ ಒಗ್ಗಿಕೊಳ್ಳುತ್ತಿದೆ ಎಂದೇ ಅನ್ನಿಸುತ್ತದೆ.

ಆದರೆ ಪ್ರತಿ ಬಿಸಿಯ ನಂತರ ಹವಳ ಮರಳಿ ಬೆಳೆಯುವ ವೇಗವೂ ಕಡಿಮೆಯಾಗಿತ್ತು. ಇದನ್ನು ಅರ್ಥಮಾಡಿಕೊಳ್ಳಲು ಮತ್ತೆ ಅಕ್ರೊಪೊರಾ, ಪೊರೈಟಿಸ್‌ಗಳ ಕಡೆ ನೋಡಬೇಕು. ಬಿಸಿಗೆ ಮೊದಲು ಸಾಯುವುದು ಅಕ್ರೊಪೊರಾದಂಥ ನಾಜೂಕು ಜಾತಿ. ಅದು ಮೊದಲ ಸುತ್ತಿನಲ್ಲೇ ಹೋದ ಮೇಲೆ ದಿಬ್ಬದಲ್ಲಿ ಉಳಿಯುವುದು ಗಟ್ಟಿಗರೇ. ಆದ್ದರಿಂದ ಮುಂದಿನ ಸುತ್ತಿನಲ್ಲಿ ಸಾವು ಕಡಿಮೆ ಕಾಣುತ್ತದೆ. ಆದರೆ ಖಾಲಿ ಜಾಗವನ್ನು ಬೇಗ ತುಂಬಬಲ್ಲದ್ದು ಆ ನಾಜೂಕು ಜಾತಿಯೇ ಆಗಿತ್ತು. ಉಳಿದಿರುವ ಗಟ್ಟಿಗರು ವರ್ಷಕ್ಕೊಂದು ಸೆಂಟಿಮೀಟರಿನವರು. ತಡೆದುಕೊಳ್ಳುವ ಶಕ್ತಿ ಹೆಚ್ಚಿತು, ಎದ್ದು ನಿಲ್ಲುವ ಶಕ್ತಿ ತಗ್ಗಿತು. ‘ಸಾವು ಕಡಿಮೆಯಾಗುತ್ತಿದೆ’ ಎಂಬ ಒಂದೇ ಮಾತನ್ನು ಹಿಡಿದು ಹವಳ ಹೊಂದಿಕೊಂಡಿತು ಎಂದು ಹೇಳುವವರು ಈ ಎರಡನೆಯ ಭಾಗವನ್ನು ಬಿಟ್ಟು ಹೇಳುತ್ತಾರೆ, ಅದು ತಪ್ಪು.

ಮಯೂಖ್ ಡೇ ಮತ್ತು ಜೊತೆಗಾರರು ಈ ಮೂರು ದ್ವೀಪಗಳ 24 ವರ್ಷದ ಮಾಹಿತಿಯನ್ನು ಒಟ್ಟುಗೂಡಿಸಿ ಮಾಡಿದ ವಿಶ್ಲೇಷಣೆಯಲ್ಲಿ ಲೆಕ್ಕ ಇನ್ನಷ್ಟು ನಿಚ್ಚಳವಾಯಿತು. 1998ರಲ್ಲಿ ಶೇ 37.24 ಇದ್ದ ಜೀವಂತ ಹವಳದ ಹೊದಿಕೆ 2022ಕ್ಕೆ ಶೇ 19.6ಕ್ಕೆ ಇಳಿದಿತ್ತು, ಹೆಚ್ಚುಕಡಿಮೆ ಅರ್ಧಕ್ಕೆ. ಪ್ರತಿ ಬಿಸಿಯ ನಂತರದ ಮೊದಲ ವರ್ಷಗಳಲ್ಲಿ ಚೇತರಿಕೆ ತೀರಾ ಮಂದವಾಗಿತ್ತು. ಬಿಸಿಯಿಲ್ಲದೆ ಸುಮಾರು ಆರು ವರ್ಷ ಕಳೆದ ಮೇಲೆಯೇ ಅದು ವೇಗ ಪಡೆಯುತ್ತಿತ್ತು.

ಈಗ ತಾರೀಖುಗಳನ್ನು ನೋಡಿ. 1998ರಿಂದ 2010ಕ್ಕೆ ಹನ್ನೆರಡು ವರ್ಷ, ಹಾಗಾಗಿ ಚೇತರಿಕೆಗೆ ವೇಗ ಬಂದ ಮೇಲೂ ಆರು ವರ್ಷ ಕೈಯಲ್ಲಿತ್ತು. 2010ರಿಂದ 2016ಕ್ಕೆ ಬರೀ ಆರು. ಹವಳ ಓಡಲು ಸಿದ್ಧವಾಗುವ ಹೊತ್ತಿಗೆ ಸರಿಯಾಗಿ ಮುಂದಿನ ಪೆಟ್ಟು ಬಿತ್ತು.

ಮುರು ಮೀನಿನ ಮನೆ

ಹವಳ ಸತ್ತ ದಿನವೇ ಮೀನು ಹೋಗುವುದಿಲ್ಲ. ಸತ್ತ ಹವಳವೂ ಕೆಲವು ಕಾಲ ನಿಂತೇ ಇರುತ್ತದೆ, ಅದರ ಪೊಟರೆ, ಮೇಜಡಿಯ ನೆರಳು ಹಾಗೇ ಇರುತ್ತವೆ. ಕೊರೆಯುವ ಹುಳು, ಸ್ಪಂಜು, ಅಲೆ ಸೇರಿ ಅದನ್ನು ಕೆಡವಿದ ಮೇಲೆ ದಿಬ್ಬ ಚಪ್ಪಟೆಯಾಗುತ್ತದೆ. ಮೀನಿಗೆ ನಿಜವಾದ ಆಪತ್ತು ಆಗ.

ರುಚಾ ಕರ್ಕರೆ ಮತ್ತು ಜೊತೆಗಾರರು ಇದನ್ನು ಮುರು ಮೀನುಗಳಲ್ಲಿ ಪರೀಕ್ಷಿಸಿದರು. ಮುರು ಎಂದರೆ ನಮ್ಮ ಕರಾವಳಿಯ ಮೀನು ಮಾರುಕಟ್ಟೆಗಳಿಗೂ ಬರುವ, ಕಲ್ಲಿನ ಸಂದಿಯಲ್ಲಿ ಹೊಂಚು ಹಾಕುವ ದಪ್ಪ ತುಟಿಯ ಬೇಟೆ ಮೀನು. ಇವುಗಳಲ್ಲಿ ಕೆಲವು ಅಲ್ಪಾಯುಷಿಗಳು, ಕೆಲವು ದಶಕಗಳ ಕಾಲ ಬದುಕುವಂಥವು. ದೀರ್ಘಾಯುಷಿ ಮುರುಗಳು ಹೆಚ್ಚಾಗಿ ಕಂಡದ್ದು ಬಿಸಿಯ ನಂತರವೂ ರಚನೆ ಅಲುಗಾಡದ ದಿಬ್ಬಗಳಲ್ಲಿ. ಆ ಸ್ಥಿರತೆಗೆ ಆಧಾರವಾಗಿದ್ದದ್ದು ದೊಡ್ಡ ಪೊರೈಟಿಸ್ ಬಂಡೆಗಳು. ಮುವ್ವತ್ತು ನಲವತ್ತು ವರ್ಷ ಬದುಕುವ ಮೀನಿಗೆ ಕೆಲವು ವರ್ಷಕ್ಕೊಮ್ಮೆ ಬಿದ್ದು ಏಳುವ ಅಕ್ರೊಪೊರಾದ ಮೇಜು ನಂಬುವ ಮನೆಯಲ್ಲ. ಹವಳದ ಹೊದಿಕೆ ಶೇಕಡಾ ಎಷ್ಟು ಎಂಬ ಒಂದೇ ಅಳತೆಯಿಂದ ಈ ಸಂಗತಿ ಸಿಗುತ್ತಿರಲಿಲ್ಲ. ಬೇಗ ಬೆಳೆಯುವ ಅಕ್ರೊಪೊರಾ ಹಬ್ಬಿ ಶೇಕಡಾವಾರು ಏರಿದರೂ, ಹಳೆಯ ಪೊರೈಟಿಸ್ ಇಲ್ಲದ ಜಾಗದಲ್ಲಿ ಹಳೆಯ ಮುರು ಇರುವುದಿಲ್ಲ.

ಬಿತ್ರಾದಲ್ಲಿ ಕಂಡದ್ದು ಇನ್ನೂ ಅಪರೂಪದ್ದು. ಜನವಸತಿಯ ದ್ವೀಪಗಳಲ್ಲಿ ಅತಿ ಚಿಕ್ಕದಾದ ಬಿತ್ರಾದಲ್ಲಿ 2011ರ ಜನಗಣತಿಯ ಹೊತ್ತಿಗೆ ಇದ್ದವರು 271 ಜನ. ಅಲ್ಲಿನ ಒಂದು ದಿಬ್ಬದಲ್ಲಿ ಚೌಕ ಬಾಲದ ಒಂದು ಜಾತಿಯ ಮುರು ಮೀನುಗಳು ಸಂತಾನೋತ್ಪತ್ತಿಗಾಗಿ ಭಾರಿ ಸಂಖ್ಯೆಯಲ್ಲಿ ಒಟ್ಟು ಸೇರುತ್ತಿದ್ದವು. ಈ ಜಾತಿಯಲ್ಲಿ ಗಂಡು ತನ್ನದೊಂದು ಚಿಕ್ಕ ಜಾಗ ಹಿಡಿದು, ಬಂದ ಒಂದು ಹೆಣ್ಣನ್ನು ಒಲಿಸುವುದು ರೂಢಿ. ಬಿತ್ರಾದಲ್ಲಿ ದೊಡ್ಡ ಗಂಡುಗಳು ಆ ರೂಢಿಯನ್ನು ಬಿಟ್ಟು, ದಿಬ್ಬದ ಇಳಿಜಾರಿನ ಮೇಲೆ ಗುಂಪಾಗಿ ತೇಲುವ ಚಿಕ್ಕ ಹೆಣ್ಣುಗಳ ಹಿಂಡನ್ನೇ ಓಲೈಸುತ್ತಿದ್ದವು. ಚಿಕ್ಕ ಗಂಡುಗಳು ನೆಲದ ಮೇಲೆ ದೊಡ್ಡ ಹೆಣ್ಣುಗಳ ಜೊತೆ ಜೋಡಿಯಾಗುತ್ತಿದ್ದವು. ಮೀನುಗಾರಿಕೆಯ ಕೈ ಸೋಕದೆ, ಮೀನಿನ ದಟ್ಟಣೆ ಅತಿಯಾಗಿದ್ದಲ್ಲಿ ಮಾತ್ರ ಕಾಣುವ ನಡವಳಿಕೆ ಇದು ಎಂಬುದು ಕರ್ಕರೆ ತಂಡದ ತೀರ್ಮಾನ. ಮುಂದಿನ ವರ್ಷಗಳಲ್ಲಿ ಆ ಜಾಗ ಮೀನುಗಾರರಿಗೂ ಪರಿಚಯವಾಗಿ, ಸೇರುವ ಮೀನಿನ ಸಂಖ್ಯೆ ಇಳಿಯಿತು. ಮೀನಿನ ಜಾತಿ ಅಳಿಯುವುದಕ್ಕೆ ಬಹಳ ಮೊದಲೇ ಅದರ ಬದುಕಿನ ಒಂದು ರೀತಿ ಅಳಿಯಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಟ್ಯೂನಾ ಕಾಯ್ದ ದಿಬ್ಬ

ಜಗತ್ತಿನ ಎಷ್ಟೋ ಕಡೆ ಸತ್ತ ಹವಳದ ಮೇಲೆ ದೊಡ್ಡ ಪಾಚಿ ಬೆಳೆದು, ಹವಳದ ಮರಿಗೆ ಕೂರಲು ಜಾಗವೇ ಇಲ್ಲದಂತಾಯಿತು. ಲಕ್ಷದ್ವೀಪದಲ್ಲಿ ಹಾಗಾಗಲಿಲ್ಲ. ಕಾರಣ, ಅಲ್ಲಿ ಗಿಳಿ ಮೀನು ಸಮೃದ್ಧವಾಗಿತ್ತು. ಗಿಳಿಯ ಕೊಕ್ಕಿನಂಥ ಹಲ್ಲಿನಿಂದ ಕಲ್ಲನ್ನು ಕೆರೆದು ಪಾಚಿ ತಿನ್ನುವ ಈ ಮೀನು, ಜೊತೆಗೆ ನುಂಗಿದ ಸುಣ್ಣವನ್ನು ಮರಳಾಗಿ ಹೊರಹಾಕುತ್ತದೆ. ದೊಡ್ಡ ಗಿಳಿ ಮೀನೊಂದು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡಬಲ್ಲದು. ದಿಬ್ಬವನ್ನು ಸ್ವಚ್ಛವಾಗಿಡುವುದೂ ಕಡಲ ತೀರಕ್ಕೆ ಮರಳು ಒದಗಿಸುವುದೂ ಅದೇ ಬಾಯಿಯಿಂದ.

ಅದು ಸಮೃದ್ಧವಾಗಿ ಉಳಿದದ್ದು ದ್ವೀಪದವರ ಟ್ಯೂನಾ ಮೀನುಗಾರಿಕೆಯಿಂದ. ಮಿನಿಕಾಯಿಯಲ್ಲಿ ತಲೆಮಾರುಗಳಿಂದ ಇದ್ದ ಗಳ ಮತ್ತು ಗಾಳದ ವಿಧಾನವನ್ನು 1960ರ ದಶಕದಿಂದ ಸರ್ಕಾರ ಬೇರೆ ದ್ವೀಪಗಳಿಗೂ ಹರಡಿತು. ಬೆಳಗ್ಗೆ ಲಗೂನ್‌ನಲ್ಲಿ, ಅಂದರೆ ದಿಬ್ಬದ ಒಳಗಿನ ತಿಳಿನೀರಿನಲ್ಲಿ, ಬೆರಳುದ್ದದ ಮೀನುಗಳನ್ನು ಬಲೆಯಲ್ಲಿ ಹಿಡಿದು ದೋಣಿಯ ತೊಟ್ಟಿಯಲ್ಲಿ ಜೀವಂತ ಇಟ್ಟುಕೊಳ್ಳುತ್ತಾರೆ. ಹೊರ ಸಮುದ್ರದಲ್ಲಿ ಟ್ಯೂನಾ ಹಿಂಡು ಸಿಕ್ಕಾಗ ಅವನ್ನು ಎರಚಿ, ಮೇಲೆ ನೀರು ಚಿಮುಕಿಸಿ, ಹಿಂಡು ಹುಚ್ಚೆದ್ದು ಕಚ್ಚುವಾಗ ಗಳದಿಂದ ಒಂದೊಂದೇ ಮೀನನ್ನು ದೋಣಿಗೆ ಎತ್ತಿ ಹಾಕುತ್ತಾರೆ. ಗಾಳಕ್ಕೆ ಮುಳ್ಳಿಲ್ಲ, ಆದ್ದರಿಂದ ಮೀನು ತಾನೇ ಕಳಚಿ ಬೀಳುತ್ತದೆ. ದುಡಿಮೆ ಹೊರಗಿನ ಟ್ಯೂನಾದಿಂದ ಬರುತ್ತಿದ್ದರಿಂದ ದಿಬ್ಬದ ಮೀನಿನ ಮೇಲೆ ಒತ್ತಡವಿರಲಿಲ್ಲ. ಆದರೆ ಎರೆ ಮೀನು ಲಗೂನ್‌ನದು, ಅದಕ್ಕೆ ಆಸರೆ ಹವಳದ್ದು. ಟ್ಯೂನಾ ದಿಬ್ಬವನ್ನು ಕಾಯಿತು, ದಿಬ್ಬ ಟ್ಯೂನಾ ಕಸುಬನ್ನು ಕಾಯಿತು.

ಈಚಿನ ವರ್ಷಗಳಲ್ಲಿ ದಿಬ್ಬದ ಮೀನಿಗೆ ಹೊರಗಿನ ಮಾರುಕಟ್ಟೆ ಹುಟ್ಟಿ, ಮುರು, ಗಿಳಿ ಮೀನುಗಳನ್ನೂ ಹಿಡಿಯುವುದು ಹೆಚ್ಚುತ್ತಿದೆ. ಬೇರೆ ದುಡಿಮೆ ಕಡಿಮೆ ಇರುವ ದ್ವೀಪದ ಮನೆಗಳನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಆದರೆ ಗಿಳಿ ಮೀನು ಕಡಿಮೆಯಾದರೆ ಆರು ವರ್ಷಕ್ಕೆ ವೇಗ ಪಡೆಯುತ್ತಿದ್ದ ಚೇತರಿಕೆಗೆ ಇನ್ನೂ ಹೆಚ್ಚು ವರ್ಷ ಬೇಕಾಗುತ್ತದೆ. ಟ್ಯೂನಾಗೆ ಒಳ್ಳೆಯ ಬೆಲೆ, ಐಸ್ ಮತ್ತು ಸಾಗಣೆಯ ವ್ಯವಸ್ಥೆ ಸಿಗುವಂತೆ ಮಾಡುವುದನ್ನು ನಾನು ಹವಳ ಸಂರಕ್ಷಣೆಯ ಮೊದಲ ಕೆಲಸವೆಂದೇ ಎಣಿಸುತ್ತೇನೆ. ಹವಳದ ತುಂಡುಗಳನ್ನು ನೆಡುವ ಯೋಜನೆಗಳಿಗಿಂತ ಇದರ ಫಲ ಹೆಚ್ಚು ವಿಸ್ತಾರವಾದದ್ದು.

2024 ಮತ್ತು ಮುಂದಿನ ಅಳತೆ

2023ರ ಅಕ್ಟೋಬರ್ ಕೊನೆಯಿಂದಲೇ ಲಕ್ಷದ್ವೀಪದ ಸಮುದ್ರ ವಾಡಿಕೆಗಿಂತ ಒಂದು ಡಿಗ್ರಿಗೂ ಹೆಚ್ಚು ಬಿಸಿಯಾಗಿತ್ತು. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯಾದ ನೋವಾ, ಜಗತ್ತಿನಾದ್ಯಂತ ನಾಲ್ಕನೆಯ ಬಿಳಿಚುವಿಕೆ ನಡೆಯುತ್ತಿದೆ ಎಂದು ಘೋಷಿಸಿತು. ಮೇ ಹೊತ್ತಿಗೆ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ತಂಡ ಲಕ್ಷದ್ವೀಪದಲ್ಲಿ ತೀವ್ರ ಬಿಳಿಚುವಿಕೆಯನ್ನು ದಾಖಲಿಸಿತು. 2016ರ ನಂತರದ ಬಿಡುವು ಎಂಟು ವರ್ಷ. ಅಂದರೆ ಚೇತರಿಕೆ ವೇಗ ಪಡೆದ ಮೇಲೆ ಸಿಕ್ಕಿದ್ದು ಎರಡೇ ವರ್ಷ.

ಹಾಗಾಗಿ ಮುಂದಿನ ಸಮೀಕ್ಷೆಗಳು ನೋಡಬೇಕಾದದ್ದು ಬಿಳಿಚಿದ ಪಾಲನ್ನಷ್ಟೇ ಅಲ್ಲ. 2016ರ ನಂತರ ಪಡುವಣ ಬದಿಯಲ್ಲಿ ಹೊಸದಾಗಿ ಬೆಳೆದ ಅಕ್ರೊಪೊರಾದಲ್ಲಿ ಎಷ್ಟು ಉಳಿಯಿತು, ಹಳೆಯ ಪೊರೈಟಿಸ್ ಬಂಡೆಗಳಲ್ಲಿ ಪೂರ್ತಿ ಸತ್ತವು ಯಾವುವು, ಮಳೆಗಾಲಗಳ ನಂತರ ಎಷ್ಟು ರಚನೆ ನಿಂತಿದೆ, ಗಿಳಿ ಮೀನು ಹಿಂದಿನಷ್ಟೇ ಇದೆಯೇ ಎಂಬುದನ್ನು ಅದೇ ಜಾಗಗಳಲ್ಲಿ, ಅದೇ ಆಳದಲ್ಲಿ ಅಳೆಯಬೇಕು. ಆರು ವರ್ಷದ ಲೆಕ್ಕ ಈ ಸಲವೂ ನಿಂತರೆ ಚೇತರಿಕೆ ವೇಗ ಪಡೆಯುವುದು 2030ರ ಆಸುಪಾಸಿನಲ್ಲಿ. ಅಲ್ಲಿಯವರೆಗೆ ಪ್ರತಿ ವರ್ಷ ಅದೇ ದಿಬ್ಬಗಳಿಗೆ ಇಳಿಯುವವರಿಗೆ ಹಣ, ದೋಣಿ, ಅನುಮತಿ ತಪ್ಪದೆ ಸಿಗಬೇಕು.